ತುಂಬು ಜೀವನವೆಂಬ ಸಮಾಧಾನ

ವಯಸ್ಸಾದವರು ತೀರಿಕೊಂಡ ಮನೆಗೆ ಮಾತನಾಡಿಸಲು ಹೋದವರು ಸಾಮಾನ್ಯವಾಗಿ ಒಂದೇ ಮಾತನ್ನು ಆಡಿ ಬರುತ್ತಾರೆ. "ತುಂಬು ಜೀವನ ನಡೆಸಿದರು, ಮಕ್ಕಳು ಮೊಮ್ಮಕ್ಕಳನ್ನು ಕಂಡರು, ಇಂಥ ಸಾವಿಗೆ ಅಳಬಾರದು" ಎಂಬುದೇ ಆ ಮಾತು. ಇದನ್ನು ನಾನೂ ಹಲವು ಮನೆಗಳಲ್ಲಿ ಹಿರಿಯರ ಹಿಂದೆ ನಿಂತು ಕೇಳಿದ್ದೇನೆ. ಒಂದೆರಡು ಕಡೆ, ದೊಡ್ಡವನಾದೆನೆಂಬ ಹೆಮ್ಮೆಯಿಂದ, ನಾನೇ ಆಡಿಯೂ ಇದ್ದೇನೆ. 2025ರ ಬೇಸಗೆಯಲ್ಲಿ ನನ್ನ ಅಜ್ಜಿ ತೀರಿಕೊಂಡಾಗ ಮೂರು ದಿನಗಳಲ್ಲಿ ಈ ಮಾತನ್ನು ನೂರು ಸಲವಾದರೂ ಕೇಳಿರಬೇಕು. ಮೊದಲ ದಿನ ಅದು ಸಮಾಧಾನವಾಗಿಯೇ ಇದ್ದಿತು. ಮೂರನೆಯ ದಿನ ಹಾಲುತುಪ್ಪ ಬಿಟ್ಟು ಹಿಂತಿರುಗುವ ಹೊತ್ತಿಗೆ ಅದು ಸುಳ್ಳೆಂದು ತೋರತೊಡಗಿತು. ಸುಳ್ಳೆಂದರೆ ಕಟುವಾದೀತು; ಅರ್ಧ ಸತ್ಯವೆನ್ನೋಣ. ಹಾಗೇಕೆ ತೋರಿತೆಂಬುದನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡಬೇಕೆಂಬುದು ನನ್ನ ಆಸೆ.

ಮೊದಲು ಅವಳ ವಯಸ್ಸಿನ ವಿಚಾರ. ಆಧಾರ್ ಕಾರ್ಡಿನ ಪ್ರಕಾರ ಅಜ್ಜಿ ಹುಟ್ಟಿದ್ದು 1940ನೆಯ ಇಸವಿ ಜನವರಿ ಒಂದನೆಯ ತಾರೀಖು. ನಮ್ಮೂರಿನ ಮುದುಕ ಮುದುಕಿಯರಲ್ಲಿ ಬಹುಮಂದಿ ಇದೇ ಜನವರಿ ಒಂದರಂದು ಹುಟ್ಟಿದವರು! ಹುಟ್ಟಿದ ದಿನ ಗೊತ್ತಿಲ್ಲವೆಂದವರಿಗೆಲ್ಲ ಯಂತ್ರದ ಮುಂದೆ ಕುಳಿತವರು ಕರುಣಿಸುವ ದಿನ ಅದು. ಇಸವಿಯೂ ಹಾಗೆಯೇ, ಮುಖ ನೋಡಿ ಬರೆದದ್ದು. ಆ ಲೆಕ್ಕಕ್ಕೆ ಅಜ್ಜಿಗೆ ಎಂಬತ್ತೈದು. ಆದರೆ ಅವಳು ತೀರಿಕೊಂಡ ಸಂಜೆಯೇ ಬಸ್ ನಿಲ್ದಾಣದ ಬಳಿ ಕಟ್ಟಿದ ಫ್ಲೆಕ್ಸಿನಲ್ಲಿ "ಶತಾಯುಷಿ" ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದ್ದಿತು. ಕೆಳಗೆ "ವಯಸ್ಸು 101 ವರ್ಷ". ಇದು ನನ್ನ ಚಿಕ್ಕಪ್ಪನ ಸ್ನೇಹಿತರ ಕೃಪೆ. ಮನೆಯಲ್ಲಿ ನೂರು ದಾಟಿದವರಿದ್ದರೆಂಬುದು ಒಂದು ಗೌರವವಲ್ಲವೆ? ಯಾರೂ ತಿದ್ದಲಿಲ್ಲ.

ಅಜ್ಜಿಯ ಲೆಕ್ಕವೇ ಬೇರೆ. ಅವಳ ಪಂಚಾಂಗದಲ್ಲಿ ಇಸವಿಗಳಿರಲಿಲ್ಲ, ಸಂಗತಿಗಳಿದ್ದವು. ಕನ್ನಂಬಾಡಿಯ ನೀರು ಕಾಲುವೆಯಲ್ಲಿ ಮಂಡ್ಯದ ಕಡೆಗೆ ಬಂದ ಕಾಲಕ್ಕೆ ಅವಳು ಎದೆಹಾಲು ಕುಡಿಯುವ ಕೂಸು. ಸೀಮೆಎಣ್ಣೆಯೂ ಬಟ್ಟೆಯೂ ಸಿಗದ ಯುದ್ಧದ ಕೊನೆಗಾಲದಲ್ಲಿ ಅವಳ ಮದುವೆ. ಗಾಂಧಿಯವರ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟಾಗ ಅವಳು ಮೊದಲ ಬಸುರಿ. ಊರಿನವರೆಲ್ಲ ಗಾಡಿ ಕಟ್ಟಿಕೊಂಡು ಹೋದರೂ ಅತ್ತೆ ಅವಳನ್ನು ಕಳಿಸಲಿಲ್ಲ. ಅದನ್ನು ಅವಳು ಎಪ್ಪತ್ತು ವರ್ಷವಾದರೂ ಮರೆತಿರಲಿಲ್ಲ. ನಯಾಪೈಸೆ ಬಂದಾಗ ಸಂತೆಯಲ್ಲಿ ಮೋಸಹೋದದ್ದು ಇನ್ನೊಂದು ಗುರುತು. ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ ಮೂವತ್ತರ ದಶಕದ ಮೊದಲಲ್ಲಿ ಮುಗಿಯಿತು. ಅಸ್ಥಿ ವಿಸರ್ಜನೆ 1948ರ ಫೆಬ್ರವರಿಯಲ್ಲಿ. ಹೊಸ ನಾಣ್ಯ ಬಂದುದು 1957ರಲ್ಲಿ. ಇವನ್ನೆಲ್ಲ ಕೂಡಿಸಿ ಕಳೆದು ನೋಡಿದರೆ ಅಜ್ಜಿಯ ವಯಸ್ಸು ತೊಂಬತ್ತನಾಲ್ಕರ ಆಸುಪಾಸಿಗೆ ಬರುತ್ತದೆ. ಎಂಬತ್ತೈದೂ ಅಲ್ಲ, ನೂರೊಂದೂ ಅಲ್ಲ. ಈ ಲೆಕ್ಕವನ್ನು ನಾನು ಮಾಡಿದ್ದು ಅವಳು ಹೋದಮೇಲೆ, ಅವಳು ಆಗಾಗ ಆಡಿದ್ದ ಚೂರುಪಾರು ಮಾತುಗಳನ್ನು ನೆನೆದುಕೊಂಡು. ಅವಳನ್ನೇ ಕೂರಿಸಿಕೊಂಡು ಕೇಳಿದ್ದರೆ ಇನ್ನೆಷ್ಟು ಗುರುತುಗಳನ್ನು ಕೊಡುತ್ತಿದ್ದಳೋ!

ಅವಳ ತವರು ನಾಗಮಂಗಲದ ಕಡೆಯ ಬೆದ್ದಲು ಸೀಮೆ. ರಾಗಿ, ಹುರುಳಿ, ಹುಚ್ಚೆಳ್ಳು, ಅವರೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಅನ್ನವೆಂಬುದು ಹಬ್ಬಕ್ಕೆ, ಇಲ್ಲವೆ ಜ್ವರ ಬಂದವರಿಗೆ. ಅಲ್ಲಿಂದ ಅವಳನ್ನು ನಮ್ಮೂರಿಗೆ, ಅಂದರೆ ಕಾಲುವೆಯ ಊರಿಗೆ ಕೊಟ್ಟರು. "ನೀರಿನ ಊರಿಗೆ ಕೊಟ್ಟವ್ರೆ, ಪುಣ್ಯವಂತೆ" ಎಂದು ತವರಿನ ಹೆಂಗಸರು ಹೊಟ್ಟೆಕಿಚ್ಚುಪಟ್ಟರಂತೆ. ಇಲ್ಲಿಗೆ ಬಂದಮೇಲೆ ಅವಳಿಗೆ ತಿಳಿದದ್ದು, ನೀರು ಬಂದ ಕಡೆ ಕೆಲಸವೂ ಬರುತ್ತದೆ, ಜ್ವರವೂ ಬರುತ್ತದೆ ಎಂಬುದು. ಬೆದ್ದಲಿನಲ್ಲಿ ಸುಗ್ಗಿ ಮುಗಿದರೆ ಹೆಂಗಸರಿಗೆ ಎರಡು ತಿಂಗಳಾದರೂ ಬಿಡುವು. ಗದ್ದೆಯಲ್ಲಿ ನಾಟಿ, ಕಳೆ, ಕೊಯ್ಲು, ಮತ್ತೆ ನಾಟಿ. ಕಬ್ಬಿನ ಗದ್ದೆಯ ಸೋಗೆಯಲ್ಲಿ ಕೈಯೆಲ್ಲ ಗೀರು. ಚಳಿಜ್ವರದ ವಿಚಾರವಾಗಿ ಅವಳು ಹೇಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ: "ಮೂರು ಕಂಬಳಿ ಹೊದ್ದ್ರೂ ಹಲ್ಲು ಕಟಕಟ ಅನ್ನೋದು ಕಣ್ ಮಗ, ಮಾರನೆ ದಿನ ಎದ್ದು ನಾಟಿಗೆ ಹೋಗೋದು." ಕಾಲುವೆಯ ಪ್ರದೇಶದಲ್ಲಿ ಮಲೇರಿಯ ಹಬ್ಬಿದ್ದು ಚರಿತ್ರೆಯ ಸಂಗತಿ, ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ 1953ರಲ್ಲಿ ಬಂದುದು. ಗೋಡೆಗೆ ಡಿ.ಡಿ.ಟಿ. ಹೊಡೆದು ಬಾಗಿಲ ಪಕ್ಕದಲ್ಲಿ ತಾರೀಖು ಬರೆದುಹೋಗುವವರನ್ನು ಅವಳು "ಬಿಳೀ ನೀರಿನವರು" ಎನ್ನುತ್ತಿದ್ದಳು.

ಇನ್ನೊಂದು ಸಣ್ಣ ಸಂಗತಿ. ತವರಿನಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬರ ಬಂದರೆ ಅದೇ ಬ್ಯಾಂಕು. ನಮ್ಮೂರಿನಲ್ಲಿ ಕಾಲುವೆ ಬಂದಮೇಲೆ ನೆಲಕ್ಕೆ ತೇವ ಏರಿ ಹಗೇವು ಕೆಟ್ಟುಹೋಯಿತೆಂದು ಅವಳು ಹೇಳುತ್ತಿದ್ದಳು. "ನೀರು ಬಂತು, ಹಗೇವು ಹೋಯ್ತು. ಆಮ್ಯಾಕೆ ಎಲ್ರೂ ಸಾಲಗಾರ್ರಾದ್ರು" ಎಂಬುದು ಅವಳ ಅರ್ಥಶಾಸ್ತ್ರ. ಇದು ಪೂರ್ತಿ ಸರಿಯೋ ಅಲ್ಲವೋ, ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಹೇಳಬೇಕು. ಆದರೆ ಒಂದು ವಿಷಯವನ್ನು ಇಲ್ಲಿ ನೆನೆಯಲೇಬೇಕು. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿ 1954ರಲ್ಲಿ ಇಂಗ್ಲೆಂಡಿನಿಂದ ಬಂದು ಇದೇ ಮಂಡ್ಯದ ಎರಡು ಹಳ್ಳಿಗಳಲ್ಲಿ, ನೀರಾವರಿಯಾದ ಒಂದರಲ್ಲಿ ಮತ್ತು ಒಣಭೂಮಿಯಾಗಿಯೇ ಉಳಿದ ಇನ್ನೊಂದರಲ್ಲಿ, ವಾಸವಿದ್ದು ಜನರ ಬಾಳುವೆ ಹೇಗೆ ಬದಲಾಯಿತೆಂಬುದನ್ನು ಕೇಳಿ ಕೇಳಿ ಬರೆದುಕೊಂಡರು. ಆ ಗ್ರಂಥ 1962ರಲ್ಲಿ ಅಚ್ಚಾಯಿತು. 1970ರಲ್ಲಿ ಅವರು ಮತ್ತೆ ಬಂದು ನೋಡಿಹೋದರು. ಒಂದು ಒಣಹಳ್ಳಿಯಲ್ಲಿ ಹುಟ್ಟಿ ನೀರಿನ ಹಳ್ಳಿಯಲ್ಲಿ ಬಾಳಿದ ಹೆಂಗಸು, ಅಂದರೆ ಆ ಗ್ರಂಥದ ಎರಡೂ ಭಾಗಗಳು ಒಂದೇ ಮೈಯಲ್ಲಿ ಸೇರಿದ್ದವಳು, ನಮ್ಮ ಮನೆಯ ಜಗುಲಿಯಲ್ಲಿ ಕುಳಿತಿದ್ದಳು. ಸಾವಿರಾರು ಮೈಲಿಯಿಂದ ಬಂದವರು ಕೇಳಿದರು. ಹದಿನೈದು ಅಡಿ ದೂರದಲ್ಲಿದ್ದ ನಾನು ಕೇಳಲಿಲ್ಲ.

ಇದು ಬರಿಯ ಮಾತಿಗೆ ಹೇಳುವುದಲ್ಲ. ಎರಡನೆಯ ವರ್ಷದಲ್ಲಿ ನಮಗೆ ಇತಿಹಾಸ ವಿಭಾಗದಿಂದ ಒಂದು ಕೆಲಸ ಕೊಟ್ಟಿದ್ದರು. ನಮ್ಮ ನಮ್ಮ ಊರಿನ ಸ್ಥಳೀಯ ಇತಿಹಾಸವನ್ನು ಕುರಿತು ಹತ್ತು ಪುಟ ಬರೆಯಬೇಕು. ನಾನು ಕೃಷ್ಣರಾಜಸಾಗರವನ್ನು ಆರಿಸಿಕೊಂಡೆ. ಎರಡು ಪುಸ್ತಕ, ಮೊಬೈಲಿನಲ್ಲಿ ಸಿಕ್ಕಿದ ನಾಲ್ಕು ಪುಟ, ಇವನ್ನು ಮುಂದಿಟ್ಟುಕೊಂಡು ಜಗುಲಿಯಲ್ಲೇ ಕುಳಿತು ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಿದೆ. ಸಿಮೆಂಟಿನ ಬದಲು ಸುರ್ಕಿ ಗಾರೆ ಬಳಸಿದ್ದು, ತುಂಬಿದಾಗಿನ ಮಟ್ಟ 124.80 ಅಡಿ, ಎಲ್ಲವೂ ಅದರಲ್ಲಿದ್ದವು. ಎದುರಿಗೆ ಅಜ್ಜಿ ಮೊರದಲ್ಲಿ ಹುರುಳಿ ಕೇರುತ್ತಿದ್ದಳು.

"ಏನ್ ಮಗ ಅಷ್ಟೊಂದು ಬರೀತಿದ್ದೀಯ?" ಎಂದಳು.

"ಕನ್ನಂಬಾಡಿ ಕಟ್ಟೆ ವಿಚಾರ ಕಣಜ್ಜಿ. ಕಾಲೇಜಿಗೆ ಕೊಡಬೇಕು."

"ಅಯ್ಯೋ, ಅದ ನನ್ ಕೇಳು. ಕಾಲ್ವೆಗೆ ಮೊದಲ್ನೆ ಕಿತ ನೀರ್ ಬಂದ ದಿನ ನಮ್ಮತ್ತೆ ಏನ್ ಮಾಡುದ್ರು ಗೊತ್ತಾ?"

"ಆಮೇಲೆ ಹೇಳೀವಂತೆ ಇರಜ್ಜಿ, ಇದು ನಾಳೆನೇ ಕೊಡಬೇಕು."

ಅವಳು ಮತ್ತೆ ಹುರುಳಿ ಕೇರತೊಡಗಿದಳು. ಮುನಿಸಿಕೊಳ್ಳಲಿಲ್ಲ, ಅವಳಿಗೆ ಅದು ಅಭ್ಯಾಸವಾಗಿದ್ದಿತೆಂದು ತೋರುತ್ತದೆ. ನನಗೆ ಇಪ್ಪತ್ತೈದಕ್ಕೆ ಇಪ್ಪತ್ತೆರಡು ಅಂಕಗಳು ಬಂದವು. ಅತ್ತೆ ಆ ದಿನ ಏನು ಮಾಡಿದರೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಆರತಿ ಎತ್ತಿದರೆ? ನೀರಿಗಿಳಿದು ಬಾಗಿನ ಬಿಟ್ಟರೆ? ಹೆದರಿ ಬಾಗಿಲು ಹಾಕಿಕೊಂಡರೆ? ಯಾವುದನ್ನಾದರೂ ನಾನು ಕಲ್ಪಿಸಿಕೊಳ್ಳಬಹುದು. ಆದರೆ ಕಲ್ಪನೆ ಇತಿಹಾಸವಲ್ಲವೆಂದು ನಮಗೆ ಮೊದಲನೆಯ ಪಾಠದಲ್ಲೇ ಹೇಳಿದ್ದಾರೆ.

ಮರಣದ ದಾಖಲೆಗಾಗಿ ಒಂದು ಕಚೇರಿಗೆ ಅಪ್ಪನೊಡನೆ ಹೋಗಿದ್ದೆ. ಅರ್ಜಿಯಲ್ಲಿ ಉದ್ಯೋಗವೆಂಬ ಕಡೆ ಅಲ್ಲಿದ್ದವರು ನಮ್ಮನ್ನು ಕೇಳದೆಯೇ "ಇಲ್ಲ" ಎಂದು ಬರೆದುಕೊಂಡರು. ಅವರ ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ಜನಗಣತಿಯೂ ಮನೆಗೆಲಸವನ್ನಷ್ಟೇ ಮಾಡಿದವರನ್ನು ಕೆಲಸವಿಲ್ಲದವರ ಸಾಲಿನಲ್ಲೇ ಸೇರಿಸಿಕೊಂಡು ಬಂದಿದೆ. ಆದರೆ ಕೋಳಿ ಕೂಗುವ ಮೊದಲೇ ಎದ್ದು ಎರಡು ಸೇರು ರಾಗಿ ಬೀಸಿ, ನೀರು ಹೊತ್ತು, ಕೊಟ್ಟಿಗೆ ಬಳಿದು, ಹನ್ನೆರಡು ಜನಕ್ಕೆ ಹಿಟ್ಟು ತೊಳಸಿ, ಆಮೇಲೆ ನಾಟಿಗೆ ಹೋಗಿ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಂತವಳ ಉದ್ಯೋಗ "ಇಲ್ಲ" ಎಂಬುದನ್ನು ನೋಡಿದಾಗ, ಪಕ್ಕದಲ್ಲಿದ್ದ ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದ ದಿನವನ್ನು ಅಜ್ಜಿ ಸ್ವಾತಂತ್ರ್ಯ ಬಂದ ದಿನಕ್ಕಿಂತ ದೊಡ್ಡದೆಂದು ಎಣಿಸುತ್ತಿದ್ದಳು. "ಆವತ್ತಿಂದ ರಟ್ಟೆ ನಂದಾಯ್ತು" ಎನ್ನುತ್ತಿದ್ದಳು. ಬೀಸುವ ಕಲ್ಲಿನ ಪದಗಳನ್ನು ಹೊಗಳಿ ಬರೆಯುವ ನಮ್ಮಂಥವರು ಈ ಮಾತನ್ನೂ ಸ್ವಲ್ಪ ನೆನೆಯಬೇಕು.

ಅಜ್ಜಿಯನ್ನು ದೇವತೆ ಮಾಡುವುದು ನನ್ನ ಉದ್ದೇಶವಲ್ಲ. ತೀರಿಕೊಂಡವರ ವಿಷಯದಲ್ಲಿ ಒಳ್ಳೆಯದನ್ನೇ ಹೇಳಬೇಕೆಂಬ ಪದ್ಧತಿಯನ್ನು ನಾನು ಒಪ್ಪೆನು. ಒಪ್ಪಿದರೆ ಅವಳ ಬದಲು ಯಾರೋ ಒಬ್ಬ ಅಜ್ಜಿಯ ಚಿತ್ರ ಉಳಿದೀತು. ನನ್ನ ದೊಡ್ಡ ಸೋದರತ್ತೆಯನ್ನು ನಾಲ್ಕನೆಯ ತರಗತಿಗೇ ಶಾಲೆ ಬಿಡಿಸಿದವಳು ಅವಳೇ, ತಾತನಲ್ಲ. ತಾತ ಓದಿಸೋಣವೆಂದರಂತೆ. ಗದ್ದೆಗೆ ಬರುವ ಆಳುಗಳಿಗೆ ಬೇರೆ ಲೋಟವನ್ನು ಸೂರಿಗೆ ಸಿಕ್ಕಿಸಿ ಇಡುತ್ತಿದ್ದಳು. ನನ್ನ ಅಪ್ಪ ದೊಡ್ಡವರಾಗಿ ಜಗಳವಾಡಿದ ಮೇಲಷ್ಟೇ ಆ ಲೋಟ ಇಳಿಯಿತು. ಸೊಸೆಯರಲ್ಲಿ ಕಿರಿಯಳಾದ ನನ್ನ ಅಮ್ಮನನ್ನು ಮೊದಲ ಮೂರು ವರ್ಷ ಕಣ್ಣೀರು ಹಾಕಿಸಿದ್ದನ್ನು ಅಮ್ಮ ಇನ್ನೂ ಮರೆತಿಲ್ಲ. ಅದೇ ಅಮ್ಮ ಕೊನೆಯ ಎರಡು ವರ್ಷ ಅವಳಿಗೆ ತಲೆ ಬಾಚಿ, ಸ್ನಾನ ಮಾಡಿಸಿ, ಹಿಟ್ಟನ್ನು ಸಾರಿನಲ್ಲಿ ಹಿಸುಕಿ ಉಣ್ಣಿಸಿದರು. ಆ ದಿನಗಳಲ್ಲಿ ಅಜ್ಜಿ ಅಮ್ಮನನ್ನು ಕೆಲವು ವೇಳೆ "ಅವ್ವ" ಎಂದು ಕರೆಯುತ್ತಿದ್ದಳು. ಮರೆವಿನಿಂದಲೋ, ಬೇಕೆಂದೋ ತಿಳಿಯದು. ಸೋದರತ್ತೆಯನ್ನು ಶಾಲೆ ಬಿಡಿಸಿದ್ದರ ವಿಚಾರ ಒಮ್ಮೆ ನಾನು ಕೇಳಿದ್ದೆ. "ಆಗ ಅಂಗಿತ್ತು ಕಣಪ್ಪ" ಎಂದು ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ, "ಅವಳು ಇವತ್ಗೂ ಪತ್ರ ಬಂದ್ರೆ ಇನ್ನೊಬ್ರ ಕೈಲಿ ಓದುಸ್ತಾಳೆ" ಎಂದಳು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಅವಳಿಗೆ ತನ್ನ ಹೆಸರು ಬರೆಯಲು ಕಲಿಸಿದ್ದರು, ಅಷ್ಟಕ್ಕೇ ನಿಂತಿತು. ಆದರೂ ಹೆಬ್ಬೆಟ್ಟು ಒತ್ತಿರೆಂದರೆ ಅವಳಿಗೆ ಕೋಪ.

ಅವಳಿಗೆ ಪದಗಳು ಬರುತ್ತಿದ್ದವು. ಸೋಬಾನೆ, ಬೀಸುವ ಪದ, ನಾಟಿಯ ಪದ. ಒಂದು ಮದುವೆಯಲ್ಲಿ ಚಪ್ಪರದಿಂದ ಹಿಡಿದು ಹೆಣ್ಣೊಪ್ಪಿಸುವವರೆಗೆ ಹೇಳಿದ ಪದವನ್ನು ಮತ್ತೆ ಹೇಳದಂತೆ ಹಾಡುತ್ತಿದ್ದಳೆಂದು ಊರಿನವರು ಹೇಳುತ್ತಾರೆ. ಅವಳ ತವರಿನ ತಾಲ್ಲೂಕಿನವರೇ ಆದ ಎಚ್. ಎಲ್. ನಾಗೇಗೌಡರು ಸರ್ಕಾರದ ದೊಡ್ಡ ಅಧಿಕಾರದಲ್ಲಿದ್ದುಕೊಂಡೂ ಹಳ್ಳಿಹಳ್ಳಿ ತಿರುಗಿ ಇಂಥ ಪದಗಳನ್ನು ಸಂಗ್ರಹಿಸಿದರು. ಅವರ "ಸೋಬಾನೆ ಚಿಕ್ಕಮ್ಮನ ಪದಗಳು" ಒಬ್ಬಳೇ ಹಳ್ಳಿಯ ಹೆಂಗಸಿನ ನೆನಪಿನಿಂದ ಎದ್ದು ಬಂದ ಪುಸ್ತಕ. ರಾಮನಗರದ ಬಳಿಯ ಜಾನಪದ ಲೋಕ ಅವರು ಕಟ್ಟಿದ್ದು. ನಾಗೇಗೌಡರಿಗೆ ದೊಡ್ಡ ಧ್ವನಿಮುದ್ರಣ ಯಂತ್ರವನ್ನು ಹೊತ್ತು ತಿರುಗುವ ಕಷ್ಟವಿದ್ದೀತು. ನನ್ನ ಅಂಗಿಯ ಜೇಬಿನಲ್ಲಿಯೇ ಯಂತ್ರವಿದ್ದಿತು. ಅದರಲ್ಲಿ ಅಜ್ಜಿಯದು ಒಂದೇ ಒಂದು ಧ್ವನಿ ಇದೆ, ಹನ್ನೊಂದು ಸೆಕೆಂಡಿನದು. "ಅದ್ಯಾಕ್ಲ ನನ್ ಮುಂದೆ ಹಿಡ್ಕಂಡಿದ್ದೀಯ, ತಗಿ ಅತ್ಲಾಗೆ" ಎಂದು ಬೈದದ್ದು. ಅದೂ ನಗುವುದಕ್ಕೆಂದು ಸ್ನೇಹಿತರಿಗೆ ಕಳಿಸಿದ್ದರಿಂದ ಉಳಿಯಿತು.

ಎಲ್ಲ ಅಜ್ಜಿಯರೂ ಸೋಬಾನೆ ಚಿಕ್ಕಮ್ಮನಲ್ಲವೆಂದು ಯಾರಾದರೂ ಹೇಳಬಹುದು. ನಿಜ. ಅಂಕೋಲೆಯ ಸುಕ್ರಿ ಬೊಮ್ಮಗೌಡರಂತೆ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡವರು, ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಂತೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ವಿರಳ. ಸುಕ್ರಜ್ಜಿಗೆ 2017ರಲ್ಲಿ, ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ 2018ರ ಡಿಸೆಂಬರಿನಲ್ಲಿ ನರಸಮ್ಮನವರು, 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು. ಕೊನೆಗಾಲದಲ್ಲಾದರೂ ಅವರನ್ನು ಕೇಳಿದರಲ್ಲ ಎಂಬುದು ಸಂತೋಷ. ಆದರೆ ಪ್ರಶಸ್ತಿಗೆ ತಕ್ಕವರನ್ನು ಮಾತ್ರ ಕೇಳಬೇಕೆಂಬ ನಿಯಮವೇನಿದೆ? ನನ್ನ ಅಜ್ಜಿಯ ನೆನಪು ನಾಡಿಗೆ ಬೇಕಾದುದಲ್ಲ. ನಮ್ಮ ಮನೆಗೆ, ನಮ್ಮ ಊರಿನ ಒಂದು ಬೀದಿಗೆ ಬೇಕಾದುದು. ಅಷ್ಟಕ್ಕೆ ಇನ್ನಾರೂ ಇರಲಿಲ್ಲ.

ಇನ್ನು "ತುಂಬು ಜೀವನ"ದ ಮಾತಿಗೆ ಬರೋಣ. ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯನ ಸರಾಸರಿ ಆಯುಸ್ಸು ಸುಮಾರು ಮೂವತ್ತೆರಡು ವರ್ಷ. ಈಗ ಎಪ್ಪತ್ತರ ಹತ್ತಿರ. ಈ ಮೂವತ್ತೆರಡನ್ನು ಕಂಡು ಆಗಿನವರೆಲ್ಲ ಮೂವತ್ತಕ್ಕೇ ಮುದುಕರಾಗುತ್ತಿದ್ದರೆಂದು ತಿಳಿಯಬಾರದು. ತೊಟ್ಟಿಲಿನಲ್ಲೇ ಹೋದ ಮಕ್ಕಳ ಸಂಖ್ಯೆ ಆ ಸರಾಸರಿಯನ್ನು ಕೆಳಕ್ಕೆಳೆದಿತ್ತು. ಉಳಿದವರು ಉಳಿದರು, ನನ್ನ ಅಜ್ಜಿಯಂತೆ ತೊಂಬತ್ತನ್ನೂ ಕಂಡರು. ಆದರೆ ಉಳಿದವರೇ ಹೋದವರನ್ನು ಮಣ್ಣಿಗಿಡಬೇಕಾದವರು. ಅಜ್ಜಿ ಹೆತ್ತದ್ದು ಎಂಟು. ಮೊದಲ ಮೂರೂ ಕೈಗೆ ಹತ್ತಲಿಲ್ಲ. ಒಂದು ಸಿಡುಬಿಗೆ, ಒಂದು ಚಳಿಜ್ವರಕ್ಕೆ, ಒಂದು ಏತಕ್ಕೆಂದು ತಿಳಿಯದೆ. ನಾಲ್ಕನೆಯದು ನನ್ನ ದೊಡ್ಡಪ್ಪ. ಅವರಾದರೂ ಉಳಿಯಲೆಂದು ಹುಟ್ಟಿದ ಕೂಡಲೆ ತಿಪ್ಪೆಯ ಮೇಲೆ ಉರುಳಿಸಿ ತಂದು, ತಿಪ್ಪೆಯ ಹೆಸರನ್ನೇ ಇಟ್ಟರು. ಅಷ್ಟು ಹೀನವಾದ ಹೆಸರಿನ ಮಗುವನ್ನು ಸಾವು ಮುಟ್ಟದೆಂಬ ನಂಬಿಕೆ. ಆ ಹೆಸರಿಗಾಗಿ ಶಾಲೆಯಲ್ಲಿ ಹುಡುಗರು ಹಾಸ್ಯಮಾಡುತ್ತಿದ್ದರೆಂದು ದೊಡ್ಡಪ್ಪನಿಗೆ ಕೊನೆಯವರೆಗೂ ಬೇಸರವಿದ್ದಿತು. ಅದರ ಹಿಂದೆ ಮೂರು ಸಣ್ಣ ಗುಂಡಿಗಳಿದ್ದವೆಂಬುದನ್ನು ಅವರು ಎಷ್ಟು ತಿಳಿದಿದ್ದರೋ ಕಾಣೆ. ಅವರೂ 2011ರಲ್ಲಿ, ಅರವತ್ತರೊಳಗೇ, ತಾಯಿಗಿಂತ ಮೊದಲೇ ಹೋದರು. ಅಂದು ಅಜ್ಜಿ ಅಳಲಿಲ್ಲವಂತೆ. ಒಲೆಯ ಮುಂದೆ ಕುಳಿತು, "ನನ್ ಬುಟ್ಟು ಅವುನ್ನ ಕರ್ಕಂಡ್ನಲ್ಲ, ಅವುನ್ಗೆ ಲೆಕ್ಕ ಬರಾಕಿಲ್ವಾ" ಎಂದಳಂತೆ.

ದೀರ್ಘಾಯುಸ್ಸೆಂದರೆ ಇದೂ ಸೇರಿದೆ. ಕೊನೆಯ ಹತ್ತು ವರ್ಷಗಳಲ್ಲಿ ಅವಳ ವಾರಿಗೆಯವರು ಒಬ್ಬೊಬ್ಬರಾಗಿ ಹೋಗಿದ್ದರು. ಅವಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ನಾವ್ಯಾರೂ ಬಾಯಿಬಿಟ್ಟು ಆ ಹೆಸರನ್ನು ಕರೆದವರಲ್ಲ. ಅವ್ವ, ಅತ್ತೆ, ಅಜ್ಜಿ, ದೊಡ್ಡವ್ವ, ಇವೇ ಅವಳ ಹೆಸರುಗಳು. ಹಿಂದಿನ ಬೀದಿಯಲ್ಲಿ ಅವಳಷ್ಟೇ ವಯಸ್ಸಿನ ಒಬ್ಬಾಕೆ ಇದ್ದಳು. ಕೋಲೂರಿಕೊಂಡು ಬಂದು ಜಗುಲಿಯ ಕೆಳಗೆ ನಿಂತು ಅಜ್ಜಿಯ ಹೆಸರು ಹಿಡಿದು, "ಲೇ, ಎಲೆಅಡಿಕೆ ಐತಾ?" ಎಂದು ಕೂಗುತ್ತಿದ್ದಳು. ಹಾಗೆ ಕೂಗಿದಾಗ ಅಜ್ಜಿಯ ಮುಖದಲ್ಲಿ ಬರುತ್ತಿದ್ದ ಕಳೆಯನ್ನು ನಾನು ಕಂಡಿದ್ದೇನೆ, ಆದರೆ ಆಗ ಅರ್ಥಮಾಡಿಕೊಂಡಿರಲಿಲ್ಲ. ಆಕೆ ಹೋದಮೇಲೆ ಭೂಮಿಯ ಮೇಲೆ ಅಜ್ಜಿಯನ್ನು "ಲೇ" ಎನ್ನುವವರು ಒಬ್ಬರೂ ಉಳಿಯಲಿಲ್ಲ. ಎಲ್ಲರಿಗೂ ಹಿರಿಯಳಾಗಿ, ಯಾರಿಗೂ ಗೆಳತಿಯಾಗದೆ, ಅವಳು ಆರು ವರ್ಷ ಬದುಕಿದಳು. ಮನೆ ತುಂಬ ಜನರಿದ್ದೆವು. ಅದನ್ನು ನೋಡಿಯೇ ಬಂದವರು "ತುಂಬು ಜೀವನ"ವೆಂದರು.

ಆ ಮಾತನ್ನಾಡುವವರ ಮೇಲೆ ನನಗೆ ಕೋಪವಿಲ್ಲ. ಎಳೆಯ ಸಾವಿಗೂ ಮಾಗಿದ ಸಾವಿಗೂ ನಮ್ಮ ಹಳ್ಳಿಯವರು ಮಾಡುವ ಭೇದದಲ್ಲಿ ಒಂದು ವಿವೇಕವಿದೆ. ದೊಡ್ಡಪ್ಪನ ಮನೆಯಲ್ಲಿ ಒಲೆ ಹತ್ತದಿದ್ದ ದಿನಗಳನ್ನು ಕಂಡವರು, ಅಜ್ಜಿಯ ಸಾವಿಗೆ ತಮಟೆ ಹೊಡೆಸಿ, ಹೂವಿನ ಕುರ್ಜು ಕಟ್ಟಿ, ದಾರಿಯುದ್ದಕ್ಕೂ ಕಾಸು ತೂರಿ ಕಳಿಸಿಕೊಟ್ಟದ್ದು ತಪ್ಪೆಂದು ಹೇಳಲಾರೆ. ನಮ್ಮ ಜಿಲ್ಲೆಯ ಹಳ್ಳಿಯೊಂದರಲ್ಲೇ ತೆಗೆದು, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ "ತಿಥಿ" ಚಲನಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದರಲ್ಲಿ ನೂರೊಂದು ವರ್ಷದ ಮುದುಕ ಮೊದಲಲ್ಲೇ ತೀರಿಕೊಳ್ಳುತ್ತಾನೆ. ಉಳಿದ ಕಥೆಯೆಲ್ಲ ಜಮೀನಿನದು, ತಿಥಿಯೂಟದ ಏರ್ಪಾಡಿನದು. ನಾನೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ನಮ್ಮ ಮನೆಯ ಹನ್ನೊಂದನೆಯ ದಿನ ಸುಮಾರು ಹಾಗೆಯೇ ನಡೆಯಿತು. ಎಷ್ಟು ಕುರಿ, ಎಷ್ಟು ಪಲ್ಲ ಅಕ್ಕಿ, ಯಾವ ಊರಿಗೆ ಹೇಳುವುದು ಮರೆತೆವು, ಇವೇ ಮಾತು. ಆ ಮೂರು ನಾಲ್ಕು ನೂರು ಜನರಲ್ಲಿ ಅಜ್ಜಿಯ ವಿಷಯವಾಗಿ ಒಂದು ಕಥೆಯನ್ನಾದರೂ ಹೇಳಿದವರು ಯಾರೆಂದು ನೆನೆಸಿಕೊಂಡರೆ, ಹಿಂದಿನ ಬೀದಿಯ ಒಬ್ಬ ಹಳೆಯ ಆಳುಮಗ ಮಾತ್ರ ನೆನಪಾಗುತ್ತಾನೆ. "ನಿಮ್ಮಜ್ಜಿ ಲೋಟ ಬ್ಯಾರೆ ಮಡಗ್ತಿತ್ತು, ಆದ್ರೆ ಇಟ್ಟು ಮಾತ್ರ ಗೇದೋನು ಸಾಕು ಅನ್ನಗಂಟ ಇಕ್ಕೋದು" ಎಂದನವನು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಹಣ್ಣೆಲೆ ಉದುರುವುದು ಸಹಜವೆಂಬ ಉಪಮಾನವನ್ನು ಆ ದಿನ ಹಲವರು ಕೊಟ್ಟರು. ನನ್ನ ಆಕ್ಷೇಪಣೆ ಈ ಉಪಮಾನಕ್ಕೇ. ಎಲೆ ಉದುರಿದರೆ ಮರಕ್ಕೆ ನಷ್ಟವಿಲ್ಲ. ಎಲೆಯಲ್ಲಿದ್ದುದನ್ನು ಮರ ಮೊದಲೇ ಹೀರಿಕೊಂಡಿರುತ್ತದೆ. ನಾವು ಏನನ್ನು ಹೀರಿಕೊಂಡಿದ್ದೆವು? ಎಳೆಯರು ಸತ್ತಾಗ ಮುಂದೆ ಬರಬೇಕಾಗಿದ್ದುದು ಹೋಗುತ್ತದೆ, ಅದಕ್ಕಾಗಿ ಅಳುತ್ತೇವೆ. ಮುದುಕರು ಸತ್ತಾಗ ಹಿಂದೆ ಇದ್ದುದು ಹೋಗುತ್ತದೆ. ಎರಡನೆಯದು ಕಣ್ಣಿಗೆ ಕಾಣದು, ಆದುದರಿಂದ ಅಳುವುದಿಲ್ಲ, ಅಷ್ಟೆ. ಆಯುಸ್ಸು ಹೆಚ್ಚಿದಷ್ಟೂ ಈ ನಷ್ಟ ಹೆಚ್ಚೇ ಹೊರತು ಕಡಮೆಯಲ್ಲ. "ತುಂಬು ಜೀವನ, ಅಳಬೇಡಿ" ಎಂದೊಡನೆ ತುಂಬಿದ್ದುದು ಏನೆಂದು ಕೇಳುವ ಗೋಜೇ ತಪ್ಪಿಹೋಗುತ್ತದೆ.

ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಮುಕ್ಕಾಲು ಪಾಲು ಹಳ್ಳಿಗಳಿಂದ ಬರುವವರು. ಬೆಳಗಿನ ಬಸ್ಸಿಗೆ ಓಡುವಾಗ ಜಗುಲಿಯಲ್ಲಿ ಯಾರೋ ಒಬ್ಬರು "ಉಂಡ್ಯಾ ಮಗ?" ಎಂದು ಕೇಳಿರುತ್ತಾರೆ, ನಾವು ತಿರುಗಿ ನೋಡದೆ "ಹೂಂ" ಎಂದಿರುತ್ತೇವೆ. ಇತಿಹಾಸ ಮತ್ತು ಕನ್ನಡ ವಿಭಾಗಗಳ ಗುರುಗಳಲ್ಲಿ ನನ್ನ ಬಿನ್ನಹವಿಷ್ಟು. ಸ್ಥಳೀಯ ಇತಿಹಾಸದ ಹತ್ತು ಪುಟಗಳನ್ನು ಕೊಡುವಾಗ, ಅದರಲ್ಲಿ ಐದು ಪುಟವಾದರೂ ಮನೆಯ ಅಥವಾ ಬೀದಿಯ ಒಬ್ಬ ಹಿರಿಯರ ಬಾಯಿಂದ ಕೇಳಿ ಬರೆದದ್ದಾಗಿರಬೇಕೆಂದು ಕಡ್ಡಾಯ ಮಾಡಬೇಕು. ಪುಸ್ತಕ ನೋಡಿ ಬರೆದುದಕ್ಕೆ ಇಪ್ಪತ್ತೆರಡು ಅಂಕ ಕೊಡಬಾರದು. ನನ್ನಂಥವನಿಗೆ ಆ ವರ್ಷ ಹತ್ತು ಅಂಕ ಕೊಟ್ಟು ಮತ್ತೆ ಬರೆದುಕೊಂಡು ಬಾ ಎಂದು ಕಳಿಸಿದ್ದರೆ ಅತ್ತೆಯವರು ಆ ದಿನ ಏನು ಮಾಡಿದರೆಂಬುದು ಇಂದು ನನಗೆ ತಿಳಿದಿರುತ್ತಿತ್ತು. ಗುರುಗಳ ಮೇಲೆ ತಪ್ಪು ಹೊರಿಸುತ್ತಿದ್ದೇನೆಂದು ದಯವಿಟ್ಟು ಭಾವಿಸಬಾರದು, ತಪ್ಪು ನನ್ನದೇ. ಮಿತ್ರರು ಕೇಳಬಹುದು, ಮುದುಕರು ಹೇಳುವುದೆಲ್ಲ ಸತ್ಯವೇ? ಅಲ್ಲ. ಅಜ್ಜಿ ಒಂದೇ ಸಂಗತಿಯನ್ನು ಎರಡು ರೀತಿ ಹೇಳಿದ್ದುಂಟು. ಶಾಸನಗಳೂ ಸುಳ್ಳು ಹೇಳುತ್ತವೆಂದು ನಮಗೆ ಪಾಠವಾಗಿದೆ. ಹಾಗೆಂದು ಅವನ್ನು ಓದದೆ ಬಿಟ್ಟವರಿಲ್ಲ.

ಅಜ್ಜಿ ಹೋದಮೇಲೆ ಬಂದ ಮೊದಲ ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಎಡೆ ಇಟ್ಟೆವು. ಪ್ರತಿ ವರ್ಷವೂ ಅಜ್ಜಿಯೇ ಎಡೆ ಇಡುತ್ತಿದ್ದಳು. ದೊಡ್ಡ ಎಲೆಗಳಲ್ಲಿ ತಾತನಿಗೆ, ಅತ್ತೆ ಮಾವಂದಿರಿಗೆ, ದೊಡ್ಡಪ್ಪನಿಗೆ 2011ರಿಂದ ಈಚೆಗೆ. ಎಲ್ಲ ಮುಗಿದ ಮೇಲೆ ಒಂದು ಪಕ್ಕದಲ್ಲಿ, ಗೋಡೆಯ ಕಡೆಗೆ, ಅಂಗೈಯಷ್ಟಗಲದ ಮೂರು ಎಲೆಚೂರುಗಳನ್ನು ಹಾಕಿ, ಒಂದೊಂದರಲ್ಲಿ ಒಂದು ತುತ್ತು ಹಾಲನ್ನ ಇಡುತ್ತಿದ್ದಳು. ತುಟಿ ಅಲುಗುತ್ತಿತ್ತು, ಏನೆಂದಳೆಂದು ಕೇಳಿಸುತ್ತಿರಲಿಲ್ಲ. ಚಿಕ್ಕವನಿದ್ದಾಗ ಅದು ಕಾಗೆಗೆಂದು ತಿಳಿದಿದ್ದೆ. ಈ ಸಲ ಅಮ್ಮ ಅಜ್ಜಿಯ ಎಲೆಯನ್ನೂ ಸೇರಿಸಿ ಎಲ್ಲ ಇಟ್ಟಮೇಲೆ, ಯಾರೂ ಹೇಳದೆಯೇ ಗೋಡೆಯ ಕಡೆಗೆ ಮೂರು ಎಲೆಚೂರು ಹಾಕಿದರು. ಹಾಲನ್ನ ಇಡುವಾಗ ಕೈ ನಿಲ್ಲಿಸಿ ಅಪ್ಪನ ಮುಖ ನೋಡಿದರು. "ಹೆಸರೇನು?" ಎಂದರು. ಅಪ್ಪ ಮನೆಗೆಲ್ಲ ಕಿರಿಯ ಮಗ. ಅವರು ಸೋದರತ್ತೆಯ ಮುಖ ನೋಡಿದರು. ಸೋದರತ್ತೆ ಹುಟ್ಟುವುದಕ್ಕೆ ಮೊದಲೇ ಆ ಮೂರೂ ಹೋಗಿದ್ದವು. ಜನನ ಮರಣಗಳ ನೋಂದಣಿ ಕಾಯಿದೆ ಬಂದುದು 1969ರಲ್ಲಿ. ಅದಕ್ಕೆ ಹದಿನೈದು ವರ್ಷ ಮೊದಲಿನ ಮಾತಿದು. ಗಂಡೋ ಹೆಣ್ಣೋ ಎಂಬುದೂ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಕಾದು, ಹೆಸರು ಹೇಳದೆಯೇ ತುತ್ತನ್ನು ಎಲೆಯ ಮೇಲೆ ಇಟ್ಟರು.